417 ರೂಪಾಯಿ 60 ಪೈಸೆ

2020ರ ಏಪ್ರಿಲ್ ಒಂದರಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಹೊಲಿಯುವ, ದಾರ ಕತ್ತರಿಸುವ, ಇಸ್ತ್ರಿ ಹಾಕುವ ಒಬ್ಬೊಬ್ಬರ ತಿಂಗಳ ಸಂಬಳಕ್ಕೂ 417 ರೂಪಾಯಿ 60 ಪೈಸೆ ಸೇರಬೇಕಿತ್ತು. ಸೇರಲಿಲ್ಲ. ಕೋವಿಡ್ ಲಾಕ್‌ಡೌನಿನ ಕಾರಣ ಹೇಳಿ ರಾಜ್ಯ ಸರ್ಕಾರ ಜುಲೈನಲ್ಲಿ ಒಂದು ಆದೇಶ ಹೊರಡಿಸಿತು: ಮರುವರ್ಷದ ಮಾರ್ಚ್ ಕೊನೆಯ ತನಕ ಈ ಹಣ ಕೊಡಬೇಕಾಗಿಲ್ಲ. ವಿಷಯ ಹೈಕೋರ್ಟಿಗೆ ಹೋಯಿತು, ಸೆಪ್ಟೆಂಬರಿನಲ್ಲಿ ಆದೇಶಕ್ಕೆ ತಡೆ ಬಿತ್ತು. ತಡೆ ಬಿದ್ದ ಮೇಲೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಹೀಗೆ ಹಣ ಸಿಗದೆ ಉಳಿದವರ ಸಂಖ್ಯೆ ನಾಲ್ಕು ಲಕ್ಷಕ್ಕೂ ಹೆಚ್ಚು ಎಂದು ಕಾರ್ಮಿಕರ ಹಕ್ಕುಗಳನ್ನು ಗಮನಿಸುವ ಅಂತರರಾಷ್ಟ್ರೀಯ ಸಂಸ್ಥೆಯೊಂದು ಲೆಕ್ಕ ಹಾಕಿತು. ಇಲ್ಲಿಂದ ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡುಗಳ ಮೇಲೆ ಒತ್ತಡ ಬಿದ್ದ ನಂತರ, 2022ರ ಆರಂಭದಲ್ಲಿ, ದೊಡ್ಡ ಕಂಪನಿಗಳು ಬಾಕಿ ಚುಕ್ತಾ ಮಾಡಲು ಒಪ್ಪಿದವು. ಅಷ್ಟರಲ್ಲಿ ಎರಡು ವರ್ಷ ಆಗುತ್ತಾ ಬಂದಿತ್ತು.

ಈ ಮೊತ್ತವನ್ನು ತಿಂಗಳ 26 ಕೆಲಸದ ದಿನಗಳಿಗೆ ಹಂಚಿದರೆ ದಿನಕ್ಕೆ 16 ರೂಪಾಯಿ. ಪೀಣ್ಯದ ದರ್ಶಿನಿಯಲ್ಲಿ ಒಂದು ಟೀಗೆ ಸರಿಹೋಗುತ್ತದೆ. ಅದೇ ಮೊತ್ತವನ್ನು ನಾಲ್ಕು ಲಕ್ಷದಿಂದ ಗುಣಿಸಿದರೆ ತಿಂಗಳಿಗೆ 16 ಕೋಟಿ 70 ಲಕ್ಷ, ವರ್ಷಕ್ಕೆ 200 ಕೋಟಿ. ಕೂಲಿ ಏರಿಸಬೇಕೋ ಬೇಡವೋ ಎಂಬ ವಾದದಲ್ಲಿ ಒಂದು ಕಡೆಯವರು ಟೀ ಲೆಕ್ಕ ಹೇಳುತ್ತಾರೆ, ಇನ್ನೊಂದು ಕಡೆಯವರು ಕೋಟಿ ಲೆಕ್ಕ ಹೇಳುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಎರಡರಲ್ಲಿ ಯಾವುದನ್ನು ಹಿಡಿದು ಮಾತಾಡುವ ಮೊದಲೂ ಒಂದು ಪದವನ್ನು ಬಿಡಿಸಿ ನೋಡಬೇಕು ಎಂದು ನನಗೆ ಅನ್ನಿಸುತ್ತದೆ. ‘ಹೆಚ್ಚಳ’ ಎಂಬ ಪದ.

ಆ 417 ರೂಪಾಯಿಯನ್ನು ನಾವೆಲ್ಲ ಸಂಬಳ ಹೆಚ್ಚಳ ಎಂದೇ ಕರೆದೆವು. ಕಾನೂನಿನ ಭಾಷೆಯಲ್ಲಿ ಅದು ವ್ಯತ್ಯಾಸವಾಗುವ ತುಟ್ಟಿಭತ್ಯೆ. ಸಂಬಳದ ಚೀಟಿಯಲ್ಲಿ ವಿ.ಡಿ.ಎ. ಎಂದು ಬರುತ್ತದೆ. ಅಕ್ಕಿ, ಬೇಳೆ, ಸೀಮೆಎಣ್ಣೆ, ಬಾಡಿಗೆ, ಬಸ್ ಚಾರ್ಜು ಇತ್ಯಾದಿಗಳ ಬೆಲೆಯನ್ನು ತಿಂಗಳು ತಿಂಗಳು ಲೆಕ್ಕ ಹಾಕಿ ಒಂದು ಸೂಚ್ಯಂಕ ಮಾಡುತ್ತಾರೆ. ಹಿಂದಿನ ವರ್ಷ ಆ ಸೂಚ್ಯಂಕ ಎಷ್ಟು ಅಂಶ ಏರಿತೋ ನೋಡಿ, ಅಂಶಕ್ಕೆ ಇಷ್ಟು ಪೈಸೆ ಎಂದು ಗುಣಿಸಿ, ಏಪ್ರಿಲ್‌ನಲ್ಲಿ ಸಂಬಳಕ್ಕೆ ಸೇರಿಸುತ್ತಾರೆ. ಅಂದರೆ ಬೆಲೆ ಏರಿದ್ದು ಆಗಲೇ ಮುಗಿದುಹೋಗಿದೆ. ಹೊಲಿಯುವ ಹೆಣ್ಣುಮಗಳು ಆ ಏರಿದ ಬೆಲೆಯನ್ನು ಅಂಗಡಿಯಲ್ಲಿ ಕೊಟ್ಟೂ ಆಗಿದೆ. ಕಳೆದ ವರ್ಷವಿಡೀ ಅವಳ ಸಂಬಳದಿಂದ ಸದ್ದಿಲ್ಲದೆ ಸೋರಿಹೋದದ್ದನ್ನು ಇನ್ನು ಮುಂದಾದರೂ ಸೋರದಂತೆ ಮುಚ್ಚುವ ಹಣ ಅದು. ಸೋರಿದ್ದು ವಾಪಸು ಬರುವುದಿಲ್ಲ. ವಿ.ಡಿ.ಎ. ಕೊಡದಿದ್ದರೆ ಸಂಬಳ ನಿಂತಲ್ಲೇ ನಿಂತಿತು ಎಂದು ತಿಳಿಯುತ್ತೇವೆ, ನಿಜದಲ್ಲಿ ಅದು ಇಳಿದಿರುತ್ತದೆ. ಯಾರೂ ಸಹಿ ಹಾಕದೆ, ಯಾವ ನೋಟಿಸು ಅಂಟಿಸದೆ ಆಗುವ ಸಂಬಳ ಕಡಿತ ಇದು.

ಹೆಚ್ಚಳಕ್ಕೂ ಬೆಲೆ ಏರಿಕೆಯ ಪರಿಹಾರಕ್ಕೂ ಇರುವ ಈ ವ್ಯತ್ಯಾಸ ನಮ್ಮ ದೇಶದಲ್ಲಿ ಹೊಸದಾಗಿ ಕಂಡುಕೊಂಡದ್ದೇನಲ್ಲ. ಅಹಮದಾಬಾದಿನ ಬಟ್ಟೆ ಗಿರಣಿಗಳಲ್ಲಿ 1917ರಲ್ಲಿ ಪ್ಲೇಗು ಬಂದಾಗ ಕಾರ್ಮಿಕರು ಊರು ಬಿಟ್ಟು ಓಡದಿರಲಿ ಎಂದು ಮಾಲೀಕರು ಪ್ಲೇಗ್ ಬೋನಸ್ ಕೊಟ್ಟರು; ಕೆಲವರಿಗೆ ಅದು ಸಂಬಳದ ಮುಕ್ಕಾಲು ಪಾಲಿನಷ್ಟಿತ್ತು. ಪ್ಲೇಗು ಇಳಿಯಿತು, ಬೋನಸ್ ನಿಲ್ಲಿಸುತ್ತೇವೆ ಎಂದರು. ಆದರೆ ಮಹಾಯುದ್ಧದ ಕಾರಣ ಏರಿದ ಬೆಲೆ ಇಳಿದಿರಲಿಲ್ಲ. ನೇಕಾರರು ಶೇ 50 ಕೇಳಿದರು, ಮಾಲೀಕರು ಶೇ 20 ಎಂದರು. ಗಾಂಧೀಜಿ ಕೂತು, ಬೇರೆ ಊರಿನ ಗಿರಣಿಗಳ ಕೂಲಿ, ಮನೆ ಖರ್ಚು, ಗಿರಣಿಗಳ ಸ್ಥಿತಿ ಎಲ್ಲ ನೋಡಿ ಶೇ 35 ನ್ಯಾಯ ಎಂದು ತೀರ್ಮಾನಕ್ಕೆ ಬಂದರು. ಕಾರ್ಮಿಕರನ್ನು ತಮ್ಮ ಬೇಡಿಕೆಯಿಂದ ಕೆಳಕ್ಕೆ ಇಳಿಸಿದವರೂ ಅವರೇ, ಆ 35ರಿಂದ ಕೆಳಗೆ ಇಳಿಯಕೂಡದು ಎಂದು 1918ರ ಮಾರ್ಚಿನಲ್ಲಿ ಉಪವಾಸ ಕೂತವರೂ ಅವರೇ. ಕಾರ್ಮಿಕರ ಪರ ನಿಂತ ಅನಸೂಯಾ ಸಾರಾಭಾಯಿ, ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿಯ ಸ್ವಂತ ಅಕ್ಕ. ಕೊನೆಗೆ ಪಂಚಾಯಿತಿಗೆ ಒಪ್ಪಿಸಿದರು, ಪಂಚರು ಶೇ 35 ಸರಿ ಎಂದು ತೀರ್ಪು ಕೊಟ್ಟರು.

ನನಗೆ ಈ ಪ್ರಸಂಗದಲ್ಲಿ ಉಪವಾಸಕ್ಕಿಂತ ದೊಡ್ಡದಾಗಿ ಕಾಣುವುದು ಅದಕ್ಕೂ ಮೊದಲು ಕೂತು ಮಾಡಿದ ಲೆಕ್ಕ. ಎಷ್ಟು ಬೆಲೆ ಏರಿದೆ, ಎಷ್ಟು ಕೊಟ್ಟರೆ ಮನೆ ನಡೆಯುತ್ತದೆ, ಎಷ್ಟು ಕೊಡಲು ಗಿರಣಿಗೆ ಸಾಧ್ಯ ಎಂಬ ಮೂರನ್ನೂ ಬೇರೆಬೇರೆ ಇಟ್ಟು ನೋಡಿದರು. ಇವತ್ತು ನಮ್ಮ ಚರ್ಚೆಯಲ್ಲಿ ಮೂರೂ ಕಲಸಿಹೋಗಿವೆ.

ಎಷ್ಟು ಕೊಟ್ಟರೆ ಮನೆ ನಡೆಯುತ್ತದೆ ಎಂಬುದಕ್ಕೆ ನಮ್ಮಲ್ಲಿ ಬರೆದಿಟ್ಟ ಉತ್ತರವೇ ಇದೆ. ಕನಿಷ್ಠ ವೇತನ ಕಾಯಿದೆ 1948ರಲ್ಲಿ ಬಂತು. ಅದರ ಮಸೂದೆ 1946ರಲ್ಲಿ, ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದಾಗ ಮಂಡನೆಯಾಗಿದ್ದು. ಆದರೆ ಕಾಯಿದೆಯಲ್ಲಿ ‘ಕನಿಷ್ಠ’ ಎಂದರೆ ಎಷ್ಟು ಎಂದು ಇರಲಿಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಸೇರಿ ಅದನ್ನು ಹೇಳಿದವು. ದುಡಿಯುವ ಒಬ್ಬರ ಸಂಬಳದಲ್ಲಿ ಮೂರು ಜನರ ಪ್ರಮಾಣದ ಊಟ ನಡೆಯಬೇಕು, ತಲೆಗೆ ದಿನಕ್ಕೆ 2,700 ಕ್ಯಾಲೊರಿ. ನಾಲ್ಕು ಜನರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರಿ ವಸತಿ ಯೋಜನೆಯ ಅತಿ ಸಣ್ಣ ಮನೆಯ ಬಾಡಿಗೆ. ಸೌದೆ, ದೀಪ, ಇತರೆ ಖರ್ಚಿಗೆ ಒಟ್ಟು ವೇತನದ ಶೇ 20. ಇಷ್ಟರಲ್ಲಿ ಮಕ್ಕಳ ಸ್ಕೂಲಿಲ್ಲ, ಆಸ್ಪತ್ರೆಯಿಲ್ಲ, ಹಬ್ಬವಿಲ್ಲ, ಮದುವೆಯಿಲ್ಲ ಎಂಬುದನ್ನು ಗಮನಿಸಿದ್ದು ಸುಪ್ರೀಂ ಕೋರ್ಟು. ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ 1991ರಲ್ಲಿ ಇವಕ್ಕೆಲ್ಲ ಇನ್ನೊಂದು ಶೇ 25 ಸೇರಬೇಕು ಎಂದಿತು. ಕನಿಷ್ಠ ವೇತನ ಕೊಡಲು ತನಗೆ ಶಕ್ತಿಯಿಲ್ಲ ಎಂಬ ಮಾಲೀಕನ ಮಾತು ಈ ವಿಷಯದಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಅದೇ ಕೋರ್ಟು 1961ರಷ್ಟು ಹಿಂದೆಯೇ, ಕೇರಳದ ಹೆಂಚಿನ ಕಾರ್ಖಾನೆಗಳ ಪ್ರಕರಣದಲ್ಲಿ ಹೇಳಿತ್ತು.

ಊಟ, ಬಟ್ಟೆ, ಸೂರು, ಸ್ಕೂಲು. ಇದಕ್ಕಿಂತ ಸರಳವಾದ ಪಟ್ಟಿ ಇರಲಾರದು. ಆದರೂ ಇದನ್ನು ಇವತ್ತಿನ ಬೆಲೆಯಲ್ಲಿ ಕೂಡಿಸಿ ನೋಡಿದರೆ ಬರುವ ಮೊತ್ತ ಬಹುತೇಕ ಕಡೆ ಕೊಡುತ್ತಿರುವ ಸಂಬಳಕ್ಕಿಂತ ತುಂಬ ಮೇಲಿರುತ್ತದೆ. ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕನಿಷ್ಠ ವೇತನದ ಕರಡು ಈ ಲೆಕ್ಕಾಚಾರವನ್ನು ಮುಂದಿಟ್ಟುಕೊಂಡಿತ್ತು, ಮಾಲೀಕರ ಸಂಘಗಳು ಇದನ್ನು ಹೊರಲಾರೆವು ಎಂದು ಕೂಡಲೇ ಆಕ್ಷೇಪ ಎತ್ತಿದವು. ‘ಹೀಗೆ ಏರಿಸಿದರೆ ಕೆಲಸಗಳೇ ಹೋಗುತ್ತವೆ’ ಎಂಬುದು ಆ ಆಕ್ಷೇಪದ ತಿರುಳು. ಅದನ್ನು ತಳ್ಳಿಹಾಕದೆ ಕೂತು ನೋಡಬೇಕು, ಯಾಕೆಂದರೆ ಕೆಲಸ ಹೋದರೆ ಮೊದಲು ಹೋಗುವುದು ಅವಳದೇ.

ಆ ಹೆದರಿಕೆಯ ಹಿಂದಿರುವ ತರ್ಕ ಸಂತೆಯದು. ಟೊಮೆಟೊ ಕೆಜಿಗೆ ನೂರಾದರೆ ಎರಡು ಕೆಜಿ ಒಯ್ಯುವವರು ಅರ್ಧ ಕೆಜಿ ಒಯ್ಯುತ್ತಾರೆ. ಕೂಲಿಯೂ ಒಂದು ಬೆಲೆ. ಅದು ಏರಿದರೆ ಕೊಳ್ಳುವವನು, ಅಂದರೆ ಮಾಲೀಕ, ಕಡಿಮೆ ಕೊಳ್ಳುತ್ತಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1946ರಲ್ಲಿ ಹೀಗೆ ವಾದಿಸಿದ ಲೇಖನ ಹತ್ತಾರು ವರ್ಷ ಪಾಠವಾಗಿ ಉಳಿಯಿತು. ಆದರೆ ಸಂತೆಯಲ್ಲಿ ಟೊಮೆಟೊ ಕೊಳ್ಳುವವರು ಸಾವಿರ ಜನ. ಮದ್ದೂರಿನ ಕಡೆಯ ಹಳ್ಳಿಯಿಂದ ಬೆಳಿಗ್ಗೆ ವ್ಯಾನು ಹತ್ತುವ ಹೆಣ್ಣುಮಗಳ ದುಡಿಮೆಯನ್ನು ಕೊಳ್ಳುವವರು ಎಷ್ಟು ಜನ? ಆ ವ್ಯಾನು ಹೋಗುವ ದಾರಿಯಲ್ಲಿ ಇರುವ ಎರಡೋ ಮೂರೋ ಕಾರ್ಖಾನೆ. ಮಗು ಸ್ಕೂಲಿನಿಂದ ಬರುವ ಹೊತ್ತಿಗೆ ಮನೆ ಮುಟ್ಟಬೇಕು, ಅತ್ತೆಗೆ ಹುಷಾರಿಲ್ಲ, ಐದು ವರ್ಷ ತುಂಬುವ ಮೊದಲು ಬಿಟ್ಟರೆ ಗ್ರಾಚುಟಿ ಇಲ್ಲ. ಕೆಲಸ ಬದಲಿಸುವ ಸ್ವಾತಂತ್ರ್ಯ ಅವಳಿಗೆ ಕಾಗದದ ಮೇಲಿದೆ, ದಾರಿಯಲ್ಲಿಲ್ಲ. ಕೊಳ್ಳುವವರು ಬೆರಳೆಣಿಕೆಯಷ್ಟಿದ್ದಾಗ ಬೆಲೆ ಯಾರ ಕೈಯಲ್ಲಿರುತ್ತದೆ ಎಂದು ಇಂಗ್ಲೆಂಡಿನ ಜೋನ್ ರಾಬಿನ್ಸನ್ 1933ರಲ್ಲೇ ಬಿಡಿಸಿ ಬರೆದಿದ್ದರು.

ಅದನ್ನು ನಮ್ಮ ಕಾರ್ಖಾನೆಗೆ ತಂದು ನೋಡೋಣ. ಅಂಕಿಗಳು ನನ್ನ ಕಲ್ಪನೆಯವು, ತರ್ಕ ಮಾತ್ರ ಅವರದು. ಒಂದು ಕಾರ್ಖಾನೆಯಲ್ಲಿ ನೂರು ಜನ ದಿನಕ್ಕೆ 400 ರೂಪಾಯಿಗೆ ಹೊಲಿಯುತ್ತಿದ್ದಾರೆ. ಒಂದು ಮಿಷನ್ ಖಾಲಿ ಇದೆ. ಅದಕ್ಕೆ ಬರಬೇಕಾದವಳು ಸ್ವಲ್ಪ ದೂರದ ಊರಿನವಳು, 410 ಕೊಟ್ಟರೆ ಬರುತ್ತೇನೆ ಎನ್ನುತ್ತಾಳೆ. ಅವಳ ಹೊಲಿಗೆಯಿಂದ ಕಾರ್ಖಾನೆಗೆ ದಿನಕ್ಕೆ 900 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳಿ. ಕೂಡಲೇ ಸೇರಿಸಿಕೊಳ್ಳಬೇಕಲ್ಲವೆ? ಸೇರಿಸಿಕೊಳ್ಳುವುದಿಲ್ಲ. ಹೊಸಬಳಿಗೆ 410 ಎಂಬುದು ಊಟದ ಹೊತ್ತಿಗೆ ಲೈನಿಗೆಲ್ಲ ಗೊತ್ತಾಗುತ್ತದೆ, ಉಳಿದ ನೂರು ಜನರಿಗೂ ಹತ್ತು ಹತ್ತು ರೂಪಾಯಿ ಏರಿಸಬೇಕಾಗುತ್ತದೆ. ಮಾಲೀಕನ ಲೆಕ್ಕದಲ್ಲಿ ಅವಳೊಬ್ಬಳ ಬೆಲೆ 410 ಅಲ್ಲ. 410ಕ್ಕೆ ಸಾವಿರ ಸೇರಿಸಿ 1,410. ಬರುವುದು 900. ಹಾಗಾಗಿ ಮಿಷನ್ ಖಾಲಿಯೇ ಉಳಿಯುತ್ತದೆ, ಗೇಟಿನಲ್ಲಿ ‘ಟೈಲರ್‌ಗಳು ಬೇಕಾಗಿದ್ದಾರೆ’ ಎಂಬ ಬೋರ್ಡು ವರ್ಷವಿಡೀ ನೇತಾಡುತ್ತದೆ.

ಈಗ ಸರ್ಕಾರ ಎಲ್ಲರಿಗೂ 410 ಎಂದು ನಿಗದಿ ಮಾಡಿತು ಅನ್ನಿ. ನೂರು ಜನರಿಗೆ ಹತ್ತು ರೂಪಾಯಿ ಹೇಗೂ ಕೊಡಲೇಬೇಕು, ಅದು ಮಾಲೀಕನ ಲಾಭದಿಂದ ಹೋಯಿತು. ಆದರೆ ಹೊಸಬಳನ್ನು ಸೇರಿಸಿಕೊಳ್ಳಲು ಇನ್ನು ಬೇಕಾದದ್ದು ಬರೀ 410. ಬರುವುದು 900. ಸೇರಿಸಿಕೊಳ್ಳುತ್ತಾನೆ. ಕೂಲಿಯೂ ಏರಿತು, ಕೆಲಸವೂ ಒಂದು ಹೆಚ್ಚಾಯಿತು. ಇದು ಮಾಯವಲ್ಲ, ಬೆಲೆಯನ್ನು ಒಬ್ಬನ ಕೈಯಿಂದ ತೆಗೆದು ಎಲ್ಲರಿಗೂ ಒಂದೇ ಎಂದಾಗ ಆಗುವ ಪರಿಣಾಮ. ಇದೇ ಉದಾಹರಣೆಯಲ್ಲಿ ಇನ್ನೊಂದು ಕಡೆಯವರ ಹೆದರಿಕೆಯೂ ಅಡಗಿದೆ. ಸರ್ಕಾರ ಕೂಲಿಯನ್ನು 1,000 ಎಂದು ನಿಗದಿ ಮಾಡಿದರೆ 900 ತರುವವರನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. 410ಕ್ಕೂ 900ಕ್ಕೂ ನಡುವೆ ಎಷ್ಟು ಜಾಗವಿದೆ ಎಂಬುದೇ ನಿಜವಾದ ಪ್ರಶ್ನೆ. ಅದು ಕಾರ್ಖಾನೆಯಿಂದ ಕಾರ್ಖಾನೆಗೆ, ಊರಿಂದ ಊರಿಗೆ ಬೇರೆ. ಅಳೆದು ನೋಡದೆ ಹೇಳಲಾಗದು.

ಅಳೆದು ನೋಡಿದವರಿದ್ದಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್‌ನಲ್ಲಿ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಎಂಬಿಬ್ಬರು ಗಡಿಯ ಎರಡೂ ಬದಿಯ 410 ಫಾಸ್ಟ್‌ಫುಡ್ ಅಂಗಡಿಗಳಿಗೆ, ಏರಿಕೆಗೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಕೇಳಿದರು. ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾಗಿರಲಿಲ್ಲ. 1994ರಲ್ಲಿ ಇದು ಪ್ರಕಟವಾದಾಗ ಎದ್ದ ಜಗಳ ಇನ್ನೂ ಪೂರ್ತಿ ಆರಿಲ್ಲ. ಡೇವಿಡ್ ನ್ಯೂಮಾರ್ಕ್, ವಿಲಿಯಂ ವಾಷರ್ ಎಂಬುವರು ಅಂಗಡಿಗಳ ಸಂಬಳದ ಲೆಕ್ಕಪುಸ್ತಕ ತರಿಸಿ ಬೇರೆಯೇ ಉತ್ತರ ಕಂಡರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು, ಕ್ರೂಗರ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಜರ್ಮನಿ 2015ರ ಜನವರಿಯಲ್ಲಿ ಮೊದಲ ಬಾರಿಗೆ ದೇಶಕ್ಕೆಲ್ಲ ಗಂಟೆಗೆ 8.50 ಯೂರೋ ಎಂದು ಕಟ್ಟಿದಾಗ ಲಕ್ಷಾಂತರ ಕೆಲಸ ಹೋಗುತ್ತವೆ ಎಂಬ ಭವಿಷ್ಯ ನುಡಿದವರಿದ್ದರು. ಹಾಗಾಗಲಿಲ್ಲ. ಕಡಿಮೆ ಕೂಲಿಯ ಜನ ಸಣ್ಣಪುಟ್ಟ ಕಡೆಗಳಿಂದ ಇನ್ನೂ ಚೆನ್ನಾಗಿ ನಡೆಯುವ ಕಂಪನಿಗಳಿಗೆ ಸರಿದರು ಎಂದು ಆಮೇಲಿನ ಅಧ್ಯಯನ ತೋರಿಸಿತು. ಹಾಗೆಂದು ಮಿತಿಯೇ ಇಲ್ಲವೆಂದಲ್ಲ. ಅಮೆರಿಕದ ಸಂಸತ್ತಿನ ಬಜೆಟ್ ಕಚೇರಿ 2019ರಲ್ಲಿ, ದೇಶಕ್ಕೆಲ್ಲ 15 ಡಾಲರ್ ಮಾಡಿದರೆ 1 ಕೋಟಿ 70 ಲಕ್ಷ ಜನರ ಕೂಲಿ ಏರುತ್ತದೆ, 13 ಲಕ್ಷ ಕೆಲಸ ಹೋಗಬಹುದು ಎಂದು ಎರಡನ್ನೂ ಒಟ್ಟಿಗೆ ಅಂದಾಜು ಮಾಡಿತ್ತು.

ಅಮೆರಿಕದ ಬರ್ಗರ್ ಅಂಗಡಿಯ ಪಾಠ ನಮಗೆಷ್ಟು ಹೊಂದುತ್ತದೆ ಎಂದು ಕೇಳುವುದು ಸಹಜ. ನಮ್ಮ ನೆರೆಯಲ್ಲೇ ಆದ ಒಂದು ದೊಡ್ಡ ಪರೀಕ್ಷೆಯ ವಿಷಯ ಇಲ್ಲಿ ಹೇಳಬೇಕು. ಅವಿಭಜಿತ ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತರಿಯ ಕೂಲಿಯನ್ನು ಬೆರಳಚ್ಚಿನ ಸ್ಮಾರ್ಟ್‌ಕಾರ್ಡ್ ಮೂಲಕ ಕೊಡಲು ಶುರುಮಾಡಿದಾಗ, ಯಾವ ಮಂಡಲಕ್ಕೆ ಮೊದಲು, ಯಾವುದಕ್ಕೆ ನಂತರ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಕಾರ್ತಿಕ್ ಮುರಳೀಧರನ್, ಪಾಲ್ ನೀಹಾಸ್, ಸಂದೀಪ್ ಸುಖ್ತಣಕರ್ ಎರಡೂ ಬಗೆಯ ಮಂಡಲಗಳನ್ನು ಹೋಲಿಸಿದರು. ಯೋಜನೆ ಸರಿಯಾಗಿ ನಡೆದ ಕಡೆ ಬಡ ಮನೆಗಳ ಆದಾಯ ಶೇ 10ಕ್ಕಿಂತ ಮೇಲೆ ಏರಿತ್ತು. ಅಚ್ಚರಿಯೆಂದರೆ ಅದರಲ್ಲಿ ಬಹುಪಾಲು ಬಂದದ್ದು ಯೋಜನೆಯ ಹಣದಿಂದಲ್ಲ, ಹೊರಗಿನ ಕೂಲಿಯಿಂದ. ‘ನೀವು ಕೊಡದಿದ್ದರೆ ಅಲ್ಲಿ ಹೋಗುತ್ತೇನೆ’ ಎನ್ನುವ ಧೈರ್ಯ ಕೂಲಿಯವರಿಗೆ ಬಂದದ್ದರಿಂದ ಹೊಲದ ಕೂಲಿ ಏರಿತು, ಹೊರಗಿನ ಕೆಲಸದ ದಿನಗಳು ಕಡಿಮೆಯೂ ಆಗಲಿಲ್ಲ. ಮೇಲಿನ 410 ರೂಪಾಯಿ ಕಥೆಯೇ ಇದು, ಹೊಲದಲ್ಲಿ.

ಹೊಲದ ವಿಷಯ ಬಂದಾಗ ಮಾತ್ರ ನನ್ನ ದನಿ ತಗ್ಗುತ್ತದೆ. ಎರಡೆಕರೆ ರಾಗಿ ಬೆಳೆಯುವವನ ಬಾಯಲ್ಲಿ ‘ಆಳು ಸಿಗೋದಿಲ್ಲ, ಸಿಕ್ಕರೂ ಕೊಡೋಕಾಗಲ್ಲ’ ಎಂಬ ಮಾತು ಬಂದಾಗ ಅದು ಶೋಷಕನ ಮಾತಲ್ಲ. ಕಳೆ ತೆಗೆಸುವಾಗ ಅವನು ಮಾಲೀಕ, ಬೇಸಿಗೆಯಲ್ಲಿ ಅವನೇ ಇನ್ನೊಬ್ಬರ ಮನೆ ಕಟ್ಟುವ ಕಡೆ ಕೂಲಿ. ಅವನ ಹೆಂಡತಿ ಮುಯ್ಯಾಳಿಗೆ ಹೋಗಿ ಬಂದು ಮುಯ್ಯಿ ತೀರಿಸಿಕೊಳ್ಳುತ್ತಾಳೆ, ಯಾಕೆಂದರೆ ರೊಕ್ಕ ಕೈಯಲ್ಲಿರುವುದಿಲ್ಲ. ಉದ್ಯೋಗ ಖಾತರಿಯ ಕೂಲಿ ಕರ್ನಾಟಕದಲ್ಲಿ 2024-25ರಲ್ಲಿ 349 ರೂಪಾಯಿ ಇದ್ದದ್ದು ಮರುವರ್ಷ 370 ಆಯಿತು. ರಾಗಿಯ ಬೆಂಬಲ ಬೆಲೆ ಅದೇ ಒಂದು ವರ್ಷದಲ್ಲಿ ಕ್ವಿಂಟಲಿಗೆ 4,290ರಿಂದ 4,886ಕ್ಕೆ ಏರಿತು. ಎರಡನೆಯದು ಅವನ ಕೈಗೆ ನಿಜವಾಗಿ ಸಿಕ್ಕಿದರೆ ಮೊದಲನೆಯದನ್ನು ಅವನು ಕೊಡಬಲ್ಲ. ಸಿಗದೆ ದಲ್ಲಾಳಿಯ ಬೆಲೆಗೆ ಮಾರಿದರೆ ಇಬ್ಬರು ಬಡವರು ಒಂದೇ ಹೊಲದ ಬದುವಿನ ಮೇಲೆ ಜಗಳಕ್ಕೆ ನಿಲ್ಲುತ್ತಾರೆ. ಹಳ್ಳಿಯಲ್ಲಿ ಕೂಲಿಯ ಪ್ರಶ್ನೆ ಬೆಳೆಯ ಬೆಲೆಯ ಪ್ರಶ್ನೆಯೂ ಹೌದು. ಒಂದನ್ನು ಬಿಟ್ಟು ಇನ್ನೊಂದನ್ನು ಮಾತಾಡುವವರನ್ನು ನಾನು ನಂಬುವುದಿಲ್ಲ.

ಗಾರ್ಮೆಂಟ್ಸ್ ಮಾಲೀಕರ ಕಷ್ಟ ಬೇರೆ ತರಹದ್ದು. ಅವರು ಹೊಲಿಸುವ ಅಂಗಿಯ ಬೆಲೆ ನಿಗದಿ ಮಾಡುವುದು ಅವರಲ್ಲ, ಎಲ್ಲೋ ದೂರದ ಬ್ರ್ಯಾಂಡು. ಇಲ್ಲಿ ಎರಡು ರೂಪಾಯಿ ಏರಿದರೆ ಆರ್ಡರ್ ಢಾಕಾಗೆ ಹೋಗುತ್ತದೆ ಎಂಬುದು ಅವರ ನಿತ್ಯದ ಮಾತು. ಅದರಲ್ಲಿ ಸತ್ಯವಿದೆ, ಆದರೆ ಢಾಕಾದಲ್ಲೂ ಗಡಿಯಾರ ನಿಂತಿಲ್ಲ. ದೊಡ್ಡ ಪ್ರತಿಭಟನೆಗಳಾದ ಮೇಲೆ 2023ರ ಡಿಸೆಂಬರಿನಿಂದ ಅಲ್ಲಿನ ಕನಿಷ್ಠ ವೇತನ 8,000 ಟಾಕಾದಿಂದ 12,500 ಟಾಕಾ ಆಯಿತು. ಮಾಲೀಕರಿಗಿರುವ ಇನ್ನೊಂದು ದಾರಿಯೆಂದರೆ ಬೆಂಗಳೂರಿನಿಂದ ಕಡಿಮೆ ವೇತನದ ವಲಯದ ತಾಲ್ಲೂಕಿಗೆ, ಅಲ್ಲಿಂದ ಇನ್ನೂ ಕಡಿಮೆ ವೇತನದ ರಾಜ್ಯಕ್ಕೆ ಸರಿಯುವುದು. ಒಂದು ರಾಜ್ಯ ಒಂಟಿಯಾಗಿ ಏರಿಸಿದಾಗ ಆಗುವ ಈ ನಷ್ಟಕ್ಕೆ ಉತ್ತರ ಕೊಡಬೇಕಾದ್ದು ದೆಹಲಿ. ಇದಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯಬಾರದು ಎಂಬ ರಾಷ್ಟ್ರೀಯ ತಳಮಟ್ಟ 2017ರ ಜೂನಿನಲ್ಲಿ ದಿನಕ್ಕೆ 176 ರೂಪಾಯಿ ಎಂದು ಆಯಿತು, ಅದಕ್ಕೂ ಕಾನೂನಿನ ಬಲವಿರಲಿಲ್ಲ. 2019ರ ಜನವರಿಯಲ್ಲಿ ಅನೂಪ್ ಸತ್ಪತಿ ನೇತೃತ್ವದ ತಜ್ಞರ ಸಮಿತಿ, ಊಟದ ಲೆಕ್ಕವನ್ನು 2,400 ಕ್ಯಾಲೊರಿಗೆ ಇಳಿಸಿಕೊಂಡು ಕೂಡ, 375 ರೂಪಾಯಿ ಎಂದು ಹೇಳಿತು. 176ಕ್ಕೂ 375ಕ್ಕೂ ಇರುವ ಅಂತರ ನೋಡಿ. ಎರಡರಷ್ಟಕ್ಕೂ ಮೇಲೆ.

ಕೂಲಿಯ ಬಗ್ಗೆ ಮಾಲೀಕರು ಬರೆದಿಡುವ ಖರ್ಚಿನಲ್ಲಿ ಒಂದು ಖರ್ಚು ಕಾಣುವುದೇ ಇಲ್ಲ: ಬಿಟ್ಟುಹೋಗುವವರ ಖರ್ಚು. ಹೆನ್ರಿ ಫೋರ್ಡ್ 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್ ಎಂದು ಕೂಲಿಯನ್ನು ಒಮ್ಮೆಲೇ ಎರಡರಷ್ಟು ಮಾಡಿದ್ದಕ್ಕೆ ದೊಡ್ಡ ಕಾರಣ ಇದೇ. ಹಿಂದಿನ ವರ್ಷ ಅವನ ಕಾರ್ಖಾನೆಯಲ್ಲಿ ಒಂದೊಂದು ಜಾಗಕ್ಕೆ ಮೂರು ನಾಲ್ಕು ಸಲ ಹೊಸಬರನ್ನು ತುಂಬಬೇಕಾಗಿತ್ತು. ಐದು ಡಾಲರಿನ ನಂತರ ಬಿಡುವವರು ಬಹುತೇಕ ನಿಂತರು. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೂ ಇದೇ ಕಾಯಿಲೆ ಇದೆ. ಕಲಿತವರು ಕೈ ಪಳಗುವ ಹೊತ್ತಿಗೆ ಹೋಗಿರುತ್ತಾರೆ. ಇಲ್ಲೇ 2016ರಲ್ಲಿ ನಡೆದ ಒಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಉಳಿದಿದೆ. ಆ ವರ್ಷದ ಸಂಬಳ ಏರಿಕೆ ಕಾರ್ಮಿಕರು ನಿರೀಕ್ಷಿಸಿದ್ದಕ್ಕಿಂತ ಕಡಿಮೆಯಾಗಿತ್ತು. ಅಚ್ಯುತ ಅಧ್ವರ್ಯು ಮತ್ತು ಜೊತೆಗಾರರು ಕೆಲವರನ್ನು ಚೀಟಿ ಎತ್ತಿ ಆರಿಸಿ, ಸಂಬಳದ ಬಗ್ಗೆ, ಸೂಪರ್‌ವೈಸರ್ ಬಗ್ಗೆ ಏನನ್ನಿಸುತ್ತದೆ, ಹೆಸರು ಹೇಳದೆ ತಿಳಿಸಿ ಎಂದು ಕೇಳಿದರು. ಕೇಳಿದ್ದಷ್ಟೆ. ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಟ್ಟವರು ಉಳಿದವರಿಗಿಂತ ಐದರಲ್ಲಿ ಒಂದು ಪಾಲು ಕಡಿಮೆಯಿದ್ದರು.

ಅದೇ 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದಿದ್ದರು. ಪ್ರಾವಿಡೆಂಟ್ ಫಂಡಿನಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ. ಮಗಳ ಮದುವೆಗೆ, ಗಂಡನ ಆಪರೇಷನ್ನಿಗೆ, ಊರಿನ ಸಾಲಕ್ಕೆ ಅದೊಂದೇ ಗಂಟು. ಮುಂದಾಳು ಯಾರೆಂದು ಪೊಲೀಸರಿಗೂ ತಿಳಿಯಲಿಲ್ಲ, ಹೆಚ್ಚಿನವರು ಯಾವ ಸಂಘದಲ್ಲೂ ಇರಲಿಲ್ಲ. ಎರಡು ದಿನದಲ್ಲಿ ಕೇಂದ್ರ ನಿಯಮವನ್ನು ಹಿಂದಕ್ಕೆ ಪಡೆಯಿತು. ಇವರ ಮಾತು ಕೇಳಲು ಒಂದು ವ್ಯವಸ್ಥೆ ಇದ್ದಿದ್ದರೆ ಹೆದ್ದಾರಿ ಬೇಕಾಗುತ್ತಿರಲಿಲ್ಲ.

ಕೂಲಿ ಏರಿದರೆ ಎಲ್ಲದರ ಬೆಲೆಯೂ ಏರುತ್ತದಲ್ಲ ಎಂಬ ಮಾತನ್ನು ಬೇಗ ಮುಗಿಸಬಹುದು. ಹೋಟೆಲಿನ ಒಟ್ಟು ಖರ್ಚಿನಲ್ಲಿ ಸಂಬಳ ಕಾಲು ಭಾಗ ಎಂದುಕೊಳ್ಳಿ. ಸಂಬಳ ಶೇ 20 ಏರಿದರೆ ಖರ್ಚು ಶೇ 5 ಏರುತ್ತದೆ, ಪೂರ್ತಿ ಗಿರಾಕಿಯ ಮೇಲೆ ಹಾಕಿದರೂ 60 ರೂಪಾಯಿಯ ದೋಸೆ 63 ಆಗುತ್ತದೆ. ಸಂಬಳದ ಏರಿಕೆಯನ್ನು ನುಂಗುವುದು ದೋಸೆಯಲ್ಲ, ಬಾಡಿಗೆ. ಕನಿಷ್ಠ ವೇತನ ಏರಿದ ಸುದ್ದಿ ಪೇಪರಿನಲ್ಲಿ ಬಂದ ತಿಂಗಳೇ ಕಾರ್ಖಾನೆ ಸುತ್ತಲಿನ ವಠಾರಗಳಲ್ಲಿ ಓನರ್ ಬಾಗಿಲು ತಟ್ಟುತ್ತಾನೆ. ಬಾಡಿಗೆಗೆ ಸಿಗುವ ಮನೆಗಳು ಬೇಕಾದಷ್ಟಿಲ್ಲದ ಊರಿನಲ್ಲಿ ಏರಿದ ಕೂಲಿಯ ಒಂದು ಪಾಲು ಹೀಗೆ ಕೈಬದಲಾಗುತ್ತದೆ. ಕಾರ್ಮಿಕ ಇಲಾಖೆಯ ಅಧಿಸೂಚನೆಯಿಂದ ಇದನ್ನು ತಡೆಯಲಾಗದು. 1957ರಲ್ಲಿ ಲೆಕ್ಕದೊಳಗೆ ಸೇರಿಸಿದ್ದ ಆ ಸರ್ಕಾರಿ ವಸತಿ ಯೋಜನೆಯ ಮನೆಗಳನ್ನು ನಾವು ಬೇಕಾದಷ್ಟು ಕಟ್ಟಲೇ ಇಲ್ಲ.

ಇಷ್ಟೆಲ್ಲ ಅರ್ಥಶಾಸ್ತ್ರವೂ ಒಂದು ಊಹೆಯ ಮೇಲೆ ನಿಂತಿದೆ: ನಿಗದಿಯಾದ ಕೂಲಿಯನ್ನು ಕೊಡುತ್ತಾರೆ ಎಂಬುದು. ಕೊಡದೇ ಇದ್ದರೆ? 1948ರ ಕಾಯಿದೆಯಲ್ಲಿ ಅದಕ್ಕೆ ಶಿಕ್ಷೆ ಆರು ತಿಂಗಳವರೆಗೆ ಜೈಲು, ಇಲ್ಲವೆ 500 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಎಪ್ಪತ್ತು ವರ್ಷ ದಾಟಿದರೂ ಆ ದಂಡ 500ರಲ್ಲೇ ನಿಂತಿತ್ತು. ಅದಕ್ಕೆ ಮಾತ್ರ ತುಟ್ಟಿಭತ್ಯೆ ಸೇರಲಿಲ್ಲ. ಒಬ್ಬಳಿಗೆ ಒಂದು ತಿಂಗಳು ಕೊಡದೆ ಉಳಿಸಿಕೊಂಡ 417 ರೂಪಾಯಿ 60 ಪೈಸೆಗೂ ಆ ದಂಡಕ್ಕೂ ನಡುವೆ ನೂರು ರೂಪಾಯಿಯ ಅಂತರವೂ ಇಲ್ಲ. 2019ರ ವೇತನ ಸಂಹಿತೆ ದಂಡವನ್ನು 50,000ಕ್ಕೆ ಏರಿಸಿತು, ಮರುಕಳಿಸಿದರೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಮೂರು ತಿಂಗಳವರೆಗೆ ಜೈಲು, ಇಲ್ಲವೆ ಎರಡೂ. ಪಟ್ಟಿಯಲ್ಲಿ ಹೆಸರಿರುವ ಉದ್ದಿಮೆಗೆ ಮಾತ್ರವಲ್ಲ, ಎಲ್ಲ ದುಡಿಮೆಗೂ ಕನಿಷ್ಠ ವೇತನ ಎಂದಿತು. ರಾಷ್ಟ್ರೀಯ ತಳಮಟ್ಟಕ್ಕೆ ಕಾನೂನಿನ ಬಲ ಕೊಟ್ಟಿತು. ಸಂಸತ್ತು ಒಪ್ಪಿದ ಈ ಕಾನೂನು ಜಾರಿಗೆ ಬರಲು 2025ರ ನವೆಂಬರ್ ಬೇಕಾಯಿತು. ತಳಮಟ್ಟ ಎಷ್ಟು ಎಂಬ ಅಂಕಿ 176ರ ಹತ್ತಿರವಿರುತ್ತದೋ, 375ನ್ನು ಇವತ್ತಿನ ಬೆಲೆಗೆ ತಂದರೆ ಬರುವ ಮೊತ್ತದ ಹತ್ತಿರವಿರುತ್ತದೋ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

ನನ್ನ ನಿಲುವನ್ನು ಮುಚ್ಚಿಡುವುದಿಲ್ಲ. ಬೆಲೆ ಏರಿಕೆಗೆ ಪರಿಹಾರವಾಗಿ ಬರುವ ತುಟ್ಟಿಭತ್ಯೆಯನ್ನು ಚರ್ಚೆಯ ಮೇಜಿಗೆ ತರಲೇಬಾರದು. ಯುದ್ಧವಿರಲಿ, ರೋಗವಿರಲಿ, ಅದು ಅವಳದೇ ಹಣ. ಅದರ ಮೇಲಿನ ನಿಜವಾದ ಹೆಚ್ಚಳ ಎಷ್ಟಿರಬೇಕು ಎಂಬಲ್ಲಿ ವಾದಕ್ಕೆ ಜಾಗವಿದೆ, ಮಾಲೀಕರ ಮಾತಿಗೂ ಜಾಗವಿದೆ. ಐದು ವರ್ಷ ಸುಮ್ಮನಿದ್ದು ಒಮ್ಮೆಲೇ ಶೇ 40, 50 ಏರಿಸುವ ಬದಲು ಮುಂದಿನ ನಾಲ್ಕು ವರ್ಷದ ಏರಿಕೆಯನ್ನು ಇವತ್ತೇ ಬರೆದು ಹೇಳಿದರೆ ಆರ್ಡರ್ ಹಿಡಿಯುವವನು ಆ ಲೆಕ್ಕ ಇಟ್ಟುಕೊಂಡೇ ಬೆಲೆ ಹೇಳುತ್ತಾನೆ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ತಾನೂ ಮಗ್ಗದ ಮುಂದೆ ನಿಲ್ಲುವವನಿಗೆ ಬೇಕಾದದ್ದು ವಿನಾಯಿತಿಯಲ್ಲ, ಸಮಯ.

ಇನ್ನೊಂದು ಕಾರ್ಖಾನೆಯ ವಿಷಯ ಉಳಿದಿದೆ, ಅದು ನಮ್ಮ ಮನೆ. ಮನೆಗೆಲಸಕ್ಕೂ ಕನಿಷ್ಠ ವೇತನವಿದೆ ಎಂದು ದೇಶದಲ್ಲಿ ಮೊದಲು ಅಧಿಸೂಚನೆ ಹೊರಡಿಸಿದ ರಾಜ್ಯ ಕರ್ನಾಟಕ, 2004ರಲ್ಲಿ. ಸೂಚ್ಯಂಕ, ಅಂಶ, ಪೈಸೆ ಎಂದು ಮೇಲೆ ಹೇಳಿದ್ದೆಲ್ಲ ನಮ್ಮ ಪಾತ್ರೆ ತೊಳೆಯುವವರಿಗೂ ಅನ್ವಯಿಸುತ್ತದೆ, ಆದರೆ ಅವರಿಗೆ ಸಂಬಳದ ಚೀಟಿ ಕೊಡುವವರು ಯಾರೂ ಇಲ್ಲ. ನಮ್ಮ ಮನೆಯಲ್ಲಿ ಕೂತು ಈ ಲೆಕ್ಕ ಮಾಡಿದೆ. ಮೂರು ವರ್ಷದ ಹಿಂದೆ ತಿಂಗಳಿಗೆ 3,000 ಎಂದು ಮಾತಾಗಿತ್ತು, ಈಗಲೂ ಅಷ್ಟೇ ನಡೆದಿದೆ. ಅವರು ಕೇಳಲಿಲ್ಲ, ನಾವು ನೆನೆಯಲಿಲ್ಲ. ಬೆಲೆ ವರ್ಷಕ್ಕೆ ಶೇ 5ರಂತೆ ಏರಿದೆ ಎಂದಿಟ್ಟುಕೊಂಡರೂ ಅಂದಿನ 3,000 ಇವತ್ತು 3,473 ಆಗಬೇಕು. ಸಂಬಳ ಏರಿಸುವ ಮಾತು ಶುರುವಾಗಬೇಕಾದ್ದು ಆ 473 ರೂಪಾಯಿ ಕೊಟ್ಟ ಮೇಲೆ.